ಲಾರಿ ತಡೆಯುವ ನಾಯಕ ಕಣ್ಣು ಹೊಡೆಯಬೇಕೇ?

ಪ್ರಶ್ನೆ: ನಾವು ಗೆಳೆಯರು ಸೇರಿ ಒಂದು ಪಕ್ಕಾ ಮಾಸ್ ಆ್ಯಕ್ಷನ್ ಸಿನಿಮಾದ ಚಿತ್ರಕಥೆ ಬರೆಯುತ್ತಿದ್ದೇವೆ. ಬ್ರೇಕ್ ಫೇಲಾದ ಲಾರಿಯನ್ನು ನಾಯಕ ಬರಿಗೈಯಲ್ಲಿ ತಡೆದು ನಿಲ್ಲಿಸುವ ಸೀನ್ ಇದೆ. ಮೂರನೇ ಮಹಡಿಯಿಂದ ಬೀಳುವ ಮಗುವನ್ನು ಹಿಡಿಯುವುದೂ ಇದೆ. ಈಗ ತಂಡದಲ್ಲಿ ಎರಡು ಬಣ. ‘ಇದನ್ನೆಲ್ಲ ಸೀರಿಯಸ್ಸಾಗಿ ತೋರಿಸಿದರೆ ಟ್ರೋಲ್ ಆಗ್ತೀವಿ, ನಾಯಕನೇ ಒಂದು ಕಣ್ಣು ಹೊಡೆದು ಕಾಮಿಡಿ ಡೈಲಾಗ್ ಬಿಟ್ಟುಬಿಡಲಿ’ ಎನ್ನುವುದು ಒಂದು ಬಣ. ಇನ್ನೊಂದು ಬಣಕ್ಕೆ ನಗುವಿನ ಸುದ್ದಿಯೇ ಬೇಡ. ಒಂದೇ ಥರದ ಸೀನಿಗೆ ಒಂದು ಸಿನಿಮಾದಲ್ಲಿ ಶಿಳ್ಳೆ ಬೀಳುತ್ತದೆ, ಇನ್ನೊಂದರಲ್ಲಿ ಗೇಲಿ. ಯಾಕೆ? ನಾವು ಯಾವ ದಾರಿ ಹಿಡಿಯಬೇಕು?

ಉತ್ತರ: ಎರಡೂ ಬಣದವರು ‘ಸೀರಿಯಸ್’ ಅಂದರೆ ಮುಖಭಾವ ಅಂದುಕೊಂಡಿದ್ದೀರಿ. ಒಬ್ಬರಿಗೆ ನಾಯಕನ ಮುಖ ಗಂಟು ಹಾಕಿಕೊಂಡಿರಬೇಕು, ಇನ್ನೊಬ್ಬರಿಗೆ ಮುಗುಳ್ನಗಬೇಕು. ಜನ ಅಳೆಯುವುದು ಬೇರೆಯದನ್ನು. ಸಿನಿಮಾದ ಒಳಗಿರುವವರು ತಮ್ಮ ಮೇಲೆ ಬಂದಿರುವ ಆಪತ್ತನ್ನು ನಂಬಿದ್ದಾರೋ ಇಲ್ಲವೋ ಎಂದು ನೋಡುತ್ತಾರೆ. ನಂಬಿದ್ದರೆ ಲಾರಿಯನ್ನೇನು, ರೈಲನ್ನೂ ತಡೆಯಬಹುದು. ನಂಬಿಲ್ಲದಿದ್ದರೆ ಸೈಕಲ್ ತಡೆದರೂ ಗೇಲಿಯೇ. ಪ್ರೇಕ್ಷಕ ನಗಲಿ, ಶಿಳ್ಳೆ ಹೊಡೆಯಲಿ, ಎರಡನ್ನೂ ಒಟ್ಟಿಗೆ ಮಾಡಲಿ, ಅದು ಅವನ ಹಕ್ಕು. ಅವನಿಗಿಂತ ಮೊದಲು ಕ್ಯಾಮೆರಾ ನಕ್ಕಿತೋ, ಸೀನ್ ಅಲ್ಲಿಗೆ ಮುಗಿಯಿತು.

ಅತಿಶಯ ನಮಗೆ ಹೊಸದಲ್ಲ. ರನ್ನನ ಗದಾಯುದ್ಧದಲ್ಲಿ ಸರೋವರದೊಳಗೆ ಅಡಗಿ ಕೂತ ದುರ್ಯೋಧನ, ಭೀಮನ ಗರ್ಜನೆ ಕೇಳಿ ನೀರಿನೊಳಗಿದ್ದೂ ಬೆವರುತ್ತಾನೆ. ಲಾಜಿಕ್ ಕೇಳಿದರೆ ಆ ಸಾಲು ಒಂದು ಕ್ಷಣ ನಿಲ್ಲುವುದಿಲ್ಲ. ಆದರೂ ಸಾವಿರ ವರ್ಷದಿಂದ ನಿಂತಿದೆ. ಯಾಕೆಂದರೆ ಕವಿ ಅದನ್ನು ಹೇಳುವಾಗ ಓದುಗನ ಕಡೆ ತಿರುಗಿ ‘ಸ್ವಲ್ಪ ಜಾಸ್ತಿಯಾಯ್ತು ಅಲ್ವಾ’ ಅನ್ನುವುದಿಲ್ಲ. ನಾಟ್ಯಶಾಸ್ತ್ರ ವೀರದಿಂದ ಹುಟ್ಟುವುದು ಅದ್ಭುತ ಎನ್ನುತ್ತದೆ. ಹಾಸ್ಯದ ಮೂಲವನ್ನು ಅದು ಬೇರೆ ಕಡೆ, ಶೃಂಗಾರದಲ್ಲಿ ತೋರಿಸುತ್ತದೆ. ಮಾಸ್ ಸಿನಿಮಾದ ಎಂಟ್ರಿ ಸೀನಿಗೆ ಇದು ಇವತ್ತಿಗೂ ಕೆಲಸಕ್ಕೆ ಬರುವ ಮಾತು. ನೀವು ಕಟ್ಟುತ್ತಿರುವುದು ಬೆರಗನ್ನು. ಬೆರಗು ಗಟ್ಟಿಯಾಗುವ ಮೊದಲೇ ನಗು ತುರುಕಿದರೆ ಎರಡೂ ಕೈಗೆ ಸಿಗುವುದಿಲ್ಲ.

ಹೀಗೆ ಕೈತಪ್ಪಿದ್ದಕ್ಕೆ 1974ರ ಜೇಮ್ಸ್ ಬಾಂಡ್ ಚಿತ್ರ ‘ದಿ ಮ್ಯಾನ್ ವಿತ್ ದಿ ಗೋಲ್ಡನ್ ಗನ್’ಗಿಂತ ಒಳ್ಳೆಯ ಪಾಠ ಇಲ್ಲ. ಅದರಲ್ಲಿ ಒಂದು ಕಾರು ಮುರಿದುಬಿದ್ದ ಸೇತುವೆಯ ಒಂದು ಬದಿಯಿಂದ ಹಾರಿ, ಗಾಳಿಯಲ್ಲಿ ಪೂರ್ತಿ ಒಂದು ಸುತ್ತು ಉರುಳಿ, ಕಾಲುವೆಯ ಆಚೆ ದಡದಲ್ಲಿ ನಾಲ್ಕೂ ಚಕ್ರದ ಮೇಲೆ ಇಳಿಯುತ್ತದೆ. ಟ್ರಿಕ್ ಇಲ್ಲ, ಗ್ರಾಫಿಕ್ಸ್ ಇಲ್ಲ. ಥಾಯ್ಲೆಂಡಿನಲ್ಲಿ ನಿಜವಾಗಿ ಹಾರಿಸಿದ್ದು. ಕಾರಿನ ವೇಗ, ರ‍್ಯಾಂಪಿನ ತಿರುಚು ಎಲ್ಲವನ್ನೂ ಮೊದಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದರು. ತೂಕ ಎರಡೂ ಬದಿಗೆ ಸಮನಾಗಿ ಹಂಚಿಕೆಯಾಗಲಿ ಎಂದು ಡ್ರೈವರ್ ಸೀಟು, ಸ್ಟೀರಿಂಗು ಎರಡನ್ನೂ ಕಾರಿನ ನಟ್ಟನಡುವೆ ಕೂರಿಸಿದ್ದರು. ಮೊದಲ ಟೇಕಿನಲ್ಲೇ ಓಕೆ ಆಯಿತು. ಅಷ್ಟೆಲ್ಲ ಮಾಡಿ, ಕಾರು ಗಾಳಿಯಲ್ಲಿ ಉರುಳುವಾಗ ಸೌಂಡ್ ಟ್ರ್ಯಾಕಿಗೆ ಕಾರ್ಟೂನಿನಲ್ಲಿ ಬರುವಂಥ ‘ಪೂಂಯ್‌ಪ್’ ಎನ್ನುವ ಜಾರುವ ಸೀಟಿಯ ಸದ್ದು ಸೇರಿಸಿದರು. ಒಬ್ಬ ಮನುಷ್ಯ ಜೀವ ಪಣಕ್ಕಿಟ್ಟು ಮಾಡಿದ ಸಾಹಸ ಒಂದೇ ಸೆಕೆಂಡಿನಲ್ಲಿ ಆಟದ ಸಾಮಾನಾಯಿತು. ಸದ್ದು ತೆಗೆದು ಅದೇ ಶಾಟ್ ನೋಡಿ, ಮೈ ಜುಮ್ಮೆನ್ನುತ್ತದೆ. ನಿಮ್ಮ ಮೊದಲ ಬಣದವರಿಗೆ ಇದನ್ನು ಎರಡು ಸಲ ತೋರಿಸಿ, ಒಮ್ಮೆ ಸದ್ದು ಇಟ್ಟು, ಒಮ್ಮೆ ಮ್ಯೂಟ್ ಮಾಡಿ. ವಾದ ಅರ್ಧ ಕಮ್ಮಿಯಾಗುತ್ತದೆ.

ಇನ್ನೊಂದು ವಿಚಿತ್ರ ನೋಡಿ. ಅಪ್ಪಟ ಕಾಮಿಡಿಗೂ ಇದೇ ನಿಯಮ. 1980ರ ‘ಏರ್‌ಪ್ಲೇನ್!’ ವಿಮಾನಾಪಘಾತದ ಸಿನಿಮಾಗಳನ್ನು ಗೇಲಿ ಮಾಡಲೆಂದೇ ತೆಗೆದ ಚಿತ್ರ. ಕಥೆಯ ಚೌಕಟ್ಟಿಗೆ 1957ರ ‘ಝೀರೋ ಅವರ್!’ ಎಂಬ ಗಂಭೀರ ಚಿತ್ರದ ಹಕ್ಕನ್ನೇ ಕೊಂಡುಕೊಂಡರು. ‘ಏರ್‌ಪ್ಲೇನ್!’ನ ಮೂವರು ನಿರ್ದೇಶಕರು ಮುಖ್ಯ ಪಾತ್ರಗಳಿಗೆ ಕಾಮಿಡಿ ನಟರನ್ನು ಹುಡುಕಿಕೊಂಡು ಹೋಗಲಿಲ್ಲ. ಲೆಸ್ಲಿ ನೀಲ್ಸನ್, ರಾಬರ್ಟ್ ಸ್ಟ್ಯಾಕ್, ಲಾಯ್ಡ್ ಬ್ರಿಜಸ್, ಪೀಟರ್ ಗ್ರೇವ್ಸ್, ಎಲ್ಲ ಆವರೆಗೆ ಗಂಭೀರ ಪಾತ್ರಗಳಿಗೆ ಹೆಸರಾದವರು. ತಲೆಬುಡವಿಲ್ಲದ ಮಾತನ್ನು ಅವರು ವರದಿ ಒಪ್ಪಿಸುವವರ ಧಾಟಿಯಲ್ಲಿ ಹೇಳುತ್ತಾರೆ. ಅದಕ್ಕೇ ನಗು ಬರುವುದು. ನಗಿಸಬೇಕಾದ ಸಿನಿಮಾದಲ್ಲೇ ನಟ ನಗುವಂತಿಲ್ಲ ಎಂದಮೇಲೆ ಮೈನವಿರೇಳಿಸಬೇಕಾದ ಸಿನಿಮಾದಲ್ಲಿ ನಾಯಕ ಕಣ್ಣು ಹೊಡೆದರೆ ಹೇಗೆ?

ಹಾಗಂತ ನಗುವನ್ನು ಊರಾಚೆ ಇಡಿ ಎಂದು ಎರಡನೇ ಬಣದ ಪರ ವಹಿಸುತ್ತಿಲ್ಲ. ಎರಡೂವರೆ ತಾಸು ಉಸಿರು ಬಿಗಿಹಿಡಿದು ಕೂರಲು ಯಾರಿಗೂ ಆಗುವುದಿಲ್ಲ. ನಗುವಿಗೆ ದಾರಿ ಬಿಡದಿದ್ದರೆ ಅದು ನಿಮಗೆ ಬೇಡವಾದ ಜಾಗದಲ್ಲಿ, ಹೆಚ್ಚಾಗಿ ಕ್ಲೈಮ್ಯಾಕ್ಸಿನಲ್ಲಿ, ತಾನೇ ಹೊರಗೆ ಬರುತ್ತದೆ. ಪ್ರಶ್ನೆ ಇರುವುದು ನಗು ಯಾರ ಬಾಯಲ್ಲಿ, ಯಾವಾಗ ಎಂಬುದರಲ್ಲಿ. ಸಾಹಸ ಮಾಡುವವನ ಬಾಯಲ್ಲಿ ಬೇಡ, ಪಕ್ಕದಲ್ಲಿ ನಿಂತವನ ಬಾಯಲ್ಲಿರಲಿ. ಸಾಹಸದ ನಡುವೆ ಬೇಡ, ಅದು ಮುಗಿದು ಉಸಿರು ಬಿಟ್ಟ ಮೇಲೆ ಬರಲಿ. ಪಕ್ಕದವನ ಜೋಕು ಅವನ ಭಯದಿಂದ ಹುಟ್ಟಬೇಕು, ಕಥೆಯ ಮೇಲಿನ ಅಪನಂಬಿಕೆಯಿಂದಲ್ಲ. ‘ಅಯ್ಯೋ, ಇನ್ನೊಂದು ಲಾರಿ ಬರ್ತಿದೆ’ ಎನ್ನುವುದು ಭಯದ ಜೋಕು. ‘ಇದೆಲ್ಲ ಸಿನಿಮಾದಲ್ಲಿ ಮಾತ್ರ ಆಗೋದು’ ಎನ್ನುವುದು ಅಪನಂಬಿಕೆಯ ಜೋಕು. ಎರಡನೆಯದನ್ನು ಬರೆಯುವ ಲೇಖಕ ತನ್ನ ಟ್ರೋಲನ್ನು ತಾನೇ ಮುಂಗಡ ಬುಕ್ ಮಾಡಿದ ಹಾಗೆ.

‘ಫಾಸ್ಟ್ ಆ್ಯಂಡ್ ಫ್ಯೂರಿಯಸ್’ ಸರಣಿಯ ಒಂಬತ್ತನೇ ಚಿತ್ರದಲ್ಲಿ (2021) ಈ ಗಡಿ ದಾಟಿರುವುದು ಸ್ಪಷ್ಟವಾಗಿ ಕಾಣುತ್ತದೆ. ಅದರ ಹಾಸ್ಯಪಾತ್ರ ರೋಮನ್, ಇಷ್ಟೆಲ್ಲ ಅಪಾಯದಲ್ಲೂ ನಮಗೊಂದು ಗೀರು ಬಿದ್ದಿಲ್ಲ, ಹಾಗಾದರೆ ನಮಗೆ ಸಾವೇ ಇಲ್ಲವೇನೋ ಎಂದು ಲೆಕ್ಕ ಹಾಕುತ್ತಾನೆ. ಜೋಕು ಚೆನ್ನಾಗಿದೆ. ತೊಂದರೆ ಏನೆಂದರೆ ಅವನು ಹೇಳುವುದು ನಿಜ. ಈ ಸರಣಿಯಲ್ಲಿ 2009ರಲ್ಲಿ ಸತ್ತಳೆಂದು ತೋರಿಸಿದ ಲೆಟ್ಟಿ 2013ಕ್ಕೆ ಕಥೆಯೊಳಗೆ ವಾಪಸ್. ಸತ್ತಿದ್ದ ಹಾನ್ 2021ಕ್ಕೆ ವಾಪಸ್. ಸಾವಿಗೇ ಬೆಲೆ ಇಲ್ಲದ ಕಡೆ ಕಾರು ಅಂತರಿಕ್ಷಕ್ಕೆ ಹಾರಿದರೂ ಎದೆ ಹಾರುವುದಿಲ್ಲ. ಆ ಚಿತ್ರದಲ್ಲಿ ಹಾರಿಸಿಯೂ ಇದ್ದಾರೆ.

ಅಲ್ಲಿಂದ ನೇರವಾಗಿ ನಿಮ್ಮ ಸ್ಕ್ರಿಪ್ಟಿಗೆ ಬರುತ್ತೇನೆ. ಅತಿರೇಕದ ಸೀನನ್ನು ನಿಲ್ಲಿಸುವ ಮೊದಲ ಕಂಬ ಬೆಲೆ. ನಾಯಕ ಅಸಾಧ್ಯವಾದುದನ್ನು ಮಾಡಲಿ, ಆದರೆ ಅದಕ್ಕೆ ಏನಾದರೂ ತೆರಲಿ. 1988ರ ‘ಡೈ ಹಾರ್ಡ್’ನಲ್ಲಿ ನಾಯಕ ಬರಿಗಾಲಲ್ಲಿ ಒಡೆದ ಗಾಜಿನ ಮೇಲೆ ಓಡಿ, ಆಮೇಲೆ ಪಾದದಿಂದ ಚೂರುಗಳನ್ನು ಕೀಳುತ್ತಾನೆ. ಬರಿಗಾಲು ಯಾಕೆ ಎಂಬುದಕ್ಕೆ ಕಾರಣವನ್ನು ಚಿತ್ರದ ಶುರುವಿನಲ್ಲೇ ಒಂದು ಸಣ್ಣ ಮಾತಿನಲ್ಲಿ ಇಟ್ಟಿದ್ದಾರೆ. ಆ ಪಾದ ನೋಡಿದವನು ಮುಂದೆ ಅವನು ಕಟ್ಟಡದ ತುದಿಯಿಂದ ಬೆಂಕಿ ಆರಿಸುವ ಪೈಪು ಕಟ್ಟಿಕೊಂಡು ಜಿಗಿದಾಗ ತಕರಾರು ತೆಗೆಯುವುದಿಲ್ಲ. 2022ರ ‘ಆರ್‌ಆರ್‌ಆರ್’ನಲ್ಲಿ ಸಾವಿರಾರು ಜನರ ಗುಂಪಿಗೆ ಒಬ್ಬನೇ ನುಗ್ಗಿ ಒಬ್ಬನನ್ನು ಎಳೆದು ತರುವ ಪೊಲೀಸನ ಎಂಟ್ರಿಯನ್ನೂ ನೆನಪಿಸಿಕೊಳ್ಳಿ. ಅವನು ಉದ್ದಕ್ಕೂ ಪೆಟ್ಟು ತಿನ್ನುತ್ತಾನೆ, ಕೆಳಗೆ ಬೀಳುತ್ತಾನೆ, ರಕ್ತ ಸುರಿಸಿಕೊಂಡೇ ವಾಪಸ್ ಬರುತ್ತಾನೆ. ಇಷ್ಟು ಮಾಡಿಯೂ ಅವನಿಗೆ ಸಿಗಬೇಕಾದ ಬಡ್ತಿ ಸಿಗುವುದಿಲ್ಲ. ಎರಡು ಬೆಲೆ ತೆತ್ತವನನ್ನು ಯಾರೂ ಆಡಿಕೊಳ್ಳುವುದಿಲ್ಲ.

ಈಗ ಮಗು. ಲೆಕ್ಕ ಸುಲಭ: ಬಿದ್ದ ಎತ್ತರವನ್ನು ತಡೆಯುವಾಗ ಸಿಕ್ಕ ದೂರದಿಂದ ಭಾಗಿಸಿದರೆ, ಮೈಭಾರದ ಎಷ್ಟು ಪಟ್ಟು ಹೊಡೆತ ಎಂದು ಹೆಚ್ಚುಕಮ್ಮಿ ಗೊತ್ತಾಗುತ್ತದೆ. ಮೂರನೇ ಮಹಡಿ ಅಂದರೆ ಸುಮಾರು 10 ಮೀಟರ್. ಕೆಳಗೆ ಬರುವ ಹೊತ್ತಿಗೆ ವೇಗ ಗಂಟೆಗೆ 50 ಕಿ.ಮೀ. 15 ಕೆಜಿಯ ಮಗುವನ್ನು ನಾಯಕ ಅರ್ಧ ಮೀಟರಿನೊಳಗೆ ತಡೆದರೆ 20 ಪಟ್ಟು, ಅಂದರೆ 300 ಕೆಜಿಯ ಹೊಡೆತ ತೋಳಿಗೆ. ಕೈ ಕಲ್ಲಿನಂತೆ ಅಲುಗದೆ ನಿಂತು 10 ಸೆಂಟಿಮೀಟರಿನಲ್ಲಿ ಹಿಡಿದರೆ 100 ಪಟ್ಟು. ಆಗ ಮಗುವಿಗೆ ಕೈಯೂ ಒಂದೇ, ಕಾಂಕ್ರೀಟೂ ಒಂದೇ. ಹೆಚ್ಚಿನ ಸಿನಿಮಾಗಳು ತಪ್ಪುವುದು ಇಲ್ಲೇ. ನಾಯಕನ ಬಲ ತೋರಿಸಲು ಹೋಗಿ ಅವನನ್ನು ಅಲುಗಾಡದಂತೆ ನಿಲ್ಲಿಸುತ್ತಾರೆ. ಪ್ರೇಕ್ಷಕನಿಗೆ ಸೂತ್ರ ಗೊತ್ತಿಲ್ಲ, ಆದರೆ ಬಿದ್ದುದನ್ನು ಹಿಡಿದ ಅನುಭವ ಅವನ ಮೈಗೆ ಇದೆ. ಆದ್ದರಿಂದ ಕೈ ಮೇಲೆತ್ತಿ ಮಗುವನ್ನು ಎತ್ತರದಲ್ಲೇ ತಾಗಿಸಿಕೊಳ್ಳಿ, ಕೈ ಎದೆಗೆ ಬರಲಿ, ಮಂಡಿ ಕುಸಿಯಲಿ, ನಾಯಕ ಬೆನ್ನಿನ ಮೇಲೆ ಉರುಳಲಿ. ತಡೆಯುವ ದೂರ ಒಂದೂವರೆ ಮೀಟರ್ ಆಯಿತು, ಹೊಡೆತ ಏಳು ಪಟ್ಟಿಗೆ ಇಳಿಯಿತು. ಆಮೇಲೆ ಅವನ ಒಂದು ಭುಜ ಇಳಿಬಿದ್ದಿರಲಿ, ಮುಂದಿನ ಫೈಟು ಮುಗಿಯುವವರೆಗೂ ಆ ಕೈ ಮೇಲೇಳದಿರಲಿ. ಅಸಾಧ್ಯ ಅಸಾಧ್ಯವಾಗಿಯೇ ಉಳಿಯಿತು, ಆದರೆ ಒಪ್ಪಿಗೆಯಾಯಿತು.

ಲಾರಿ ಇನ್ನೂ ಸ್ವಾರಸ್ಯದ್ದು. 10 ಟನ್ನಿನ ಲಾರಿ ಗಂಟೆಗೆ 36 ಕಿ.ಮೀ. ವೇಗದಲ್ಲಿ ಬರುತ್ತಿದೆ ಅಂದುಕೊಳ್ಳಿ. ಅದನ್ನು 5 ಮೀಟರಿನಲ್ಲಿ ನಿಲ್ಲಿಸಲು 10 ಟನ್ ಬಲ ಬೇಕು. 50 ಮೀಟರ್ ಕೊಟ್ಟರೆ 1 ಟನ್ ಸಾಕು. ಇದು ಮಾಸ್ ನಾಯಕನ ಲೆಕ್ಕದಲ್ಲಿ ಏನೂ ಅಲ್ಲ, ಅವನ ತೋಳಿಗೆ ನಾವು ಎಷ್ಟು ಬಲವನ್ನಾದರೂ ಸಾಲ ಕೊಡುತ್ತೇವೆ. ಎಡವಟ್ಟಾಗುವುದು ಪಾದದಲ್ಲಿ. 80 ಕೆಜಿಯ ಮನುಷ್ಯನ ಬೂಟು ರಸ್ತೆಯನ್ನು ಹಿಡಿದು ನಿಲ್ಲಬಲ್ಲದ್ದು ಹೆಚ್ಚೆಂದರೆ 60–70 ಕೆಜಿ ತಳ್ಳುವಿಕೆಗೆ. ಅದಕ್ಕಿಂತ ಒಂದು ಹಿಡಿ ಜಾಸ್ತಿಯಾದರೂ ತೋಳು ಎಷ್ಟೇ ಗಟ್ಟಿ ಇರಲಿ, ಅವನು ಲಾರಿಯ ಜೊತೆಗೇ ಹಿಂದಕ್ಕೆ ಜಾರುತ್ತಾನೆ. ನುಣುಪಾದ ಡಾಂಬರಿನ ಮೇಲೆ ನೆಟ್ಟಗೆ ನಿಂತು ಲಾರಿ ತಡೆದರೆ ಸೀನ್ ಸುಳ್ಳೆನಿಸುವುದು ಇದಕ್ಕೇ. ಹಾಗಾಗಿ ಕ್ಯಾಮೆರಾವನ್ನು ತೋಳಿನಿಂದ ಪಾದಕ್ಕೆ ಇಳಿಸಿ. ಬೂಟು ಜಾರಲಿ, ಮಣ್ಣಿಗೆ ಬಂದಾಗ ನೆಲ ಸೀಳಿಕೊಂಡು ಗೆರೆ ಬೀಳಲಿ, ಒಂದು ಬೂಟಿನ ಅಟ್ಟೆ ಕಿತ್ತುಬರಲಿ, ಕಟ್ಟಕಡೆಗೆ ಹಿಮ್ಮಡಿ ಒಂದು ಕಲ್ಲಿಗೋ ಮೆಟ್ಟಿಲಿಗೋ ತಗುಲಿ ನಿಲ್ಲಲಿ. ಆ ಕಲ್ಲನ್ನು ಸೀನಿನ ಮೊದಲ ವೈಡ್ ಶಾಟಿನಲ್ಲೇ ತೋರಿಸಿಟ್ಟಿರಿ. ಹಿಮ್ಮಡಿ ಕಲ್ಲಿಗೆ ತಾಗಿದ ಕ್ಷಣವೇ ಶಿಳ್ಳೆಯ ಕ್ಷಣ. ಲಾರಿ ನಿಂತ ಕ್ಷಣ ಆಮೇಲಿನದು.

ಇದನ್ನು ತೆಗೆಯುವಾಗ ಸಾಮಾನ್ಯವಾಗಿ ರಿವರ್ಸ್ ಶಾಟ್ ಬಳಸುತ್ತಾರೆ. ಲಾರಿಯನ್ನು ನಟನ ಕೈಗೆ ತಾಗಿಸಿ ನಿಲ್ಲಿಸಿ, ಅಲ್ಲಿಂದ ಹಿಂದಕ್ಕೆ ಓಡಿಸಿ, ಎಡಿಟಿಂಗಿನಲ್ಲಿ ಉಲ್ಟಾ ಮಾಡುವುದು. ಲಾರಿ ಮನುಷ್ಯನ ಕಡೆ ಬರುವುದೇ ಇಲ್ಲವಾದ್ದರಿಂದ ಅಪಾಯ ಕಡಿಮೆ. ಆದರೆ ಉಲ್ಟಾ ಮಾಡಿದಾಗ ಧೂಳು ಮೇಲೇಳುವ ಬದಲು ನೆಲಕ್ಕೆ ಸೇರಿಕೊಳ್ಳುತ್ತದೆ, ಹೊಗೆ ಸೈಲೆನ್ಸರಿನೊಳಕ್ಕೆ ಹೋಗುತ್ತದೆ, ಅಂಗಿಯ ಚುಂಗು ತಪ್ಪು ಕಡೆಗೆ ಹಾರುತ್ತದೆ. ಆ ಶಾಟಿಗೆ ನೆಲ ಒದ್ದೆ ಮಾಡಿ, ಅಂಗಿ ಬಿಗಿಯಾಗಿರಲಿ, ಧೂಳನ್ನು ಆಮೇಲೆ ಬೇರೆಯಾಗಿ ಸೇರಿಸಿ. ಇನ್ನೊಂದು: ಲಾರಿಯ ಚಕ್ರದ ಸುತ್ತಳತೆ 3 ಮೀಟರ್ ಚಿಲ್ಲರೆ. 36 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಮೂರು ಸುತ್ತು ತಿರುಗುತ್ತದೆ. ನೀವು 10 ಕಿ.ಮೀ.ನಲ್ಲಿ ಓಡಿಸಿ ಹೈಸ್ಪೀಡಿನಲ್ಲಿ (ಸ್ಲೋಮೋಷನ್ನಿಗೆಂದು ಸೆಕೆಂಡಿಗೆ ಹೆಚ್ಚು ಫ್ರೇಮಿನಲ್ಲಿ) ತೆಗೆದರೆ ಚಕ್ರ ನಿದ್ದೆಗಣ್ಣಿನಲ್ಲಿ ಉರುಳಿದಂತೆ ಕಾಣುತ್ತದೆ, ಬಿಜಿಎಂ (ಹಿನ್ನೆಲೆ ಸಂಗೀತ) ಎಷ್ಟು ಅಬ್ಬರಿಸಿದರೂ ಅದನ್ನು ಮುಚ್ಚಲಾರದು. ಸ್ಲೋಮೋಷನ್ ಶಾಟಿನಲ್ಲಿ ಚಕ್ರ ಫ್ರೇಮಿನಿಂದ ಹೊರಗಿರಲಿ. ಸ್ಟಂಟ್ ಮಾಸ್ಟರ್ ಇಲ್ಲದೆ ಇದ್ಯಾವುದಕ್ಕೂ ಕೈ ಹಾಕಬೇಡಿ, ರಿವರ್ಸ್ ಶಾಟಿಗೂ.

ನಟನನ್ನು ಹಗ್ಗದಿಂದ ಎಳೆದು ಹಾರಿಸುವ ರೋಪ್ ಶಾಟುಗಳಲ್ಲಿ ಗೇಲಿ ಹುಟ್ಟುವುದು ಯಾಕೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹೊಡೆತಕ್ಕೆ ಮನುಷ್ಯ ಹಿಂದಕ್ಕೆ ಹಾರುವುದು ಹೇಗೂ ಸುಳ್ಳು. 8 ಗ್ರಾಂ ಗುಂಡು ಸೆಕೆಂಡಿಗೆ 360 ಮೀಟರ್ ವೇಗದಲ್ಲಿ ಬಂದು 70 ಕೆಜಿಯ ಮೈಗೆ ಹೊಕ್ಕರೆ ಆ ಮೈಗೆ ಸಿಗುವ ತಳ್ಳುವಿಕೆ ಸೆಕೆಂಡಿಗೆ 4 ಸೆಂಟಿಮೀಟರ್ ಅಷ್ಟೇ. ಆ ಸುಳ್ಳನ್ನು ಜನ ಎಂದೋ ಕ್ಷಮಿಸಿದ್ದಾರೆ. ಕ್ಷಮಿಸದಿರುವುದು ಹಾರುವ ರೀತಿಯನ್ನು. ಮೇಲಕ್ಕೆ ಹೋದ ದೇಹ ಏರುತ್ತ ಏರುತ್ತ ನಿಧಾನವಾಗಬೇಕು, ತುದಿಯಲ್ಲಿ ಒಂದು ಕ್ಷಣ ತೂಗಬೇಕು, ಇಳಿಯುವಾಗ ವೇಗ ಹೆಚ್ಚಬೇಕು. 2 ಮೀಟರ್ ಎತ್ತರಕ್ಕೆ ಹಾರಿ ಇಳಿಯಲು ಒಂದೂಕಾಲು ಸೆಕೆಂಡು, ಅಂದರೆ ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಸುಮಾರು 30 ಫ್ರೇಮು. ರೋಪ್ ಎಳೆಯುವವರು ಒಂದೇ ವೇಗದಲ್ಲಿ ಎಳೆದು ಒಂದೇ ವೇಗದಲ್ಲಿ ಇಳಿಸಿದರೆ ಮನುಷ್ಯ ಗೊಂಬೆಯಾಗುತ್ತಾನೆ. ಬೆನ್ನಿನ ಒಂದೇ ಕೊಂಡಿಯಿಂದ ಎಳೆದರೆ ಸೊಂಟ ಮೊದಲು ಹೋಗಿ ತಲೆ, ಕಾಲು ಆಮೇಲೆ ಹಿಂಬಾಲಿಸುತ್ತವೆ, ಎದೆಗೆ ಪೆಟ್ಟು ಬಿದ್ದವನು ಹಾಗೆ ಹೋಗುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಪೆಟ್ಟು ತಾಗುವ ಮೊದಲೇ ರೋಪ್ ಎಳೆದುಬಿಡುವುದು. ತಾಗಿ ಒಂದೆರಡು ಫ್ರೇಮ್ ಆದಮೇಲೆ ಮೈ ಕದಲಬೇಕು. ಟೇಕ್ ಚೆನ್ನಾಗಿದ್ದು ಇದೊಂದೇ ತಪ್ಪಿದ್ದರೆ, ಪೆಟ್ಟು ತಾಗುವ ಜಾಗದಲ್ಲಿ ಶಾಟ್ ಮುರಿದು ಸರಿಪಡಿಸಬಹುದು.

ಎಡಿಟಿಂಗಿನಲ್ಲಿ ನೋಡಿ ಕಲಿಯಬೇಕಾದ್ದು ಹಾಂಗ್‌ಕಾಂಗ್ ಚಿತ್ರಗಳಿಂದ. ಪೆಟ್ಟು ತಾಗಿದಲ್ಲಿಗೆ ಒಂದು ಶಾಟ್ ಮುಗಿಸಿ, ಮುಂದಿನ ಶಾಟನ್ನು ಎರಡು ಮೂರು ಫ್ರೇಮ್ ಹಿಂದಿನಿಂದ ಶುರು ಮಾಡುತ್ತಾರೆ. ಕಟ್ ಆದಾಗ ಕಣ್ಣು ತಪ್ಪಿಸಿಕೊಂಡ ಪೆಟ್ಟು ಹೀಗೆ ವಾಪಸ್ ಸಿಗುತ್ತದೆ, ಪುನರಾವರ್ತನೆ ಎಂದು ಗೊತ್ತೇ ಆಗುವುದಿಲ್ಲ. ಕೈ ಬೀಸುವ ಶಾಟನ್ನು ಸೆಕೆಂಡಿಗೆ 22 ಫ್ರೇಮಿನಲ್ಲಿ ತೆಗೆದು 24ರಲ್ಲಿ ಓಡಿಸಿದರೆ ಶೇ. 9ರಷ್ಟು ಚುರುಕು ಬರುತ್ತದೆ. 18ಕ್ಕೆ ಇಳಿಸಿದರೆ ಮೂಕಿ ಚಿತ್ರದ ನಡಿಗೆಯಾಗಿ ನಗು ಬರುತ್ತದೆ. ಪೆಟ್ಟಿಗೆ ಆರೇಳು ಫ್ರೇಮ್ ಮುಂಚೆ ಬಿಜಿಎಂ ಕತ್ತರಿಸಿ, ಆಮೇಲೆ ಪೆಟ್ಟಿನ ಸದ್ದು. ಮೂವತ್ತು ಪೆಟ್ಟಿಗೂ ಅದೇ ‘ಢಂ’ ಹಾಕಿದರೆ ಮೂವತ್ತೂ ಸಪ್ಪೆ. ಇಡೀ ಫೈಟಿಗೆ ಎರಡೋ ಮೂರೋ ಪೆಟ್ಟನ್ನು ಆರಿಸಿಕೊಂಡು ಅವಕ್ಕೆ ಮಾತ್ರ ಆ ಭಾರ ಕೊಡಿ.

ಜಾಕಿ ಚಾನ್ ನಿಮ್ಮ ಎರಡೂ ಬಣಕ್ಕೆ ಒಟ್ಟಿಗೆ ಉತ್ತರ. 1985ರ ‘ಪೊಲೀಸ್ ಸ್ಟೋರಿ’ಯಲ್ಲಿ ಅವನು ಶಾಪಿಂಗ್ ಮಾಲಿನ ಕಂಬ ಹಿಡಿದು, ಬೆಳಗುತ್ತಿರುವ ಬಲ್ಬುಗಳನ್ನು ಒಡೆದುಕೊಂಡು ಕೆಳಗೆ ಜಾರುವುದನ್ನು ಬೇರೆ ಬೇರೆ ಕೋನದಿಂದ ಮೂರು ಸಲ ತೋರಿಸುತ್ತಾರೆ. ಕಾಲದ ಲೆಕ್ಕದಲ್ಲಿ ಅದು ಶುದ್ಧ ಮೋಸ. ಯಾರಿಗೂ ಬೇಸರವಿಲ್ಲ, ಯಾಕೆಂದರೆ ಜಾರಿದ್ದು ನಿಜ. ಚಿತ್ರದೊಳಗೆ ಅವನಿಗೆ ನೋವಾಗುತ್ತದೆ, ಕೈ ಕೊಡವಿಕೊಳ್ಳುತ್ತಾನೆ, ಆ ಕೊಡವುವಿಕೆಗೆ ನಾವು ನಗುತ್ತೇವೆ. ಕಥೆ ಮುಗಿದು ಹೆಸರುಗಳು ಮೇಲೇರುವಾಗ ಕೆಟ್ಟುಹೋದ ಟೇಕುಗಳು ಬರುತ್ತವೆ. ಕಣ್ಣು ಹೊಡೆಯಲೇಬೇಕು ಎನ್ನುವವರಿಗೆ ಅದು ತಕ್ಕ ಜಾಗ.

ಎರಡನೇ ಕಂಬ ನಿಯಮ. ಈ ಜಗತ್ತಿನಲ್ಲಿ ಎಷ್ಟು ಸಾಧ್ಯ ಎಂಬುದನ್ನು ಮೊದಲ ಹತ್ತು ಹದಿನೈದು ನಿಮಿಷದಲ್ಲಿ ಹೇಳಿಬಿಡಬೇಕು. ಮೊದಲ ಒಂದು ಗಂಟೆ ಸಾದಾ ಮನುಷ್ಯನಾಗಿದ್ದವನು ಇಂಟರ್‌ವಲ್ಲಿಗೆ ಲಾರಿ ತಡೆದರೆ ಜನ ನಗುತ್ತಾರೆ. ಲಾರಿ ಬರುವ ಮೊದಲು ಅವನು ಏನನ್ನು ತಡೆದಿದ್ದ? ಉರುಳುವ ಬ್ಯಾರೆಲ್ಲು, ಆಮೇಲೆ ತಳ್ಳುಗಾಡಿ, ಆಮೇಲೆ ಜೀಪು, ಹೀಗೆ ಮೂರು ಮೆಟ್ಟಿಲಾದರೂ ಬೇಕು. ಪ್ರತಿ ಮೆಟ್ಟಿಲಲ್ಲೂ ಬೆಲೆ ಹೆಚ್ಚಬೇಕು. ಕಥೆಯನ್ನು ಯಾರು ಹೇಳುತ್ತಿದ್ದಾರೆ ಎಂಬುದೂ ನಿಯಮದ ಭಾಗವೇ. ‘ಕೆಜಿಎಫ್’ನ ಮೊದಲ ಭಾಗ (2018) ರಾಕಿಯನ್ನು ನೇರವಾಗಿ ನಮ್ಮ ಮುಂದೆ ಇಡುವುದಿಲ್ಲ. ಅನಂತ್ ನಾಗ್ ಮಾಡಿದ ಪತ್ರಕರ್ತನ ಪಾತ್ರ ಅವನ ಕಥೆ ಹೇಳುತ್ತದೆ, ಎರಡನೇ ಭಾಗದಲ್ಲಿ (2022) ಆ ಕೆಲಸ ಪ್ರಕಾಶ್ ರಾಜ್ ಪಾತ್ರದ್ದು. ನಾವು ನೋಡುವುದು ಒಬ್ಬ ಬೆರಗಾದವನು ಹೇಳಿದ ರಾಕಿಯನ್ನು. ಕೆಂಪಗೆ ಕಾದ ಗನ್ನಿನ ನಳಿಗೆಯಿಂದ ಸಿಗರೇಟು ಹೊತ್ತಿಸಿದ್ದು ನಿಜವೇ ಎಂದು ಕೇಳಲು ಜಾಗವೇ ಇಲ್ಲ, ದಂತಕಥೆ ಇರುವುದೇ ಹಾಗೆ. ನಿಮ್ಮ ಕಥೆಗೆ ಮೆಟ್ಟಿಲು ಕಟ್ಟಲು ಸಮಯ ಇಲ್ಲದಿದ್ದರೆ ಇಂಥ ನಿರೂಪಕ ಒಳ್ಳೆಯ ಅಡ್ಡದಾರಿ. ಆದರೆ ಅವನು ನಾಯಕನನ್ನು ನಂಬಿರಬೇಕು. ವ್ಯಂಗ್ಯದ ನಿರೂಪಕ ಬಂದರೆ ಮತ್ತೆ ಮೊದಲಿನ ಕಥೆಯೇ.

ಸಣ್ಣ ನಿಯಮಗಳನ್ನು ಪಾಲಿಸಿದವನಿಗೆ ದೊಡ್ಡದನ್ನು ಮುರಿಯಲು ಬಿಡುತ್ತಾರೆ. 30 ಗುಂಡಿನ ಮ್ಯಾಗಝೀನು ನಿಮಿಷಕ್ಕೆ 600ರ ವೇಗದಲ್ಲಿ ಮೂರೇ ಸೆಕೆಂಡಿಗೆ ಖಾಲಿ. ನಾಯಕ ಎರಡು ಸಲ ಮ್ಯಾಗಝೀನ್ ಬದಲಿಸುವುದನ್ನು ತೋರಿಸಿ, ಆಮೇಲೆ ಒಬ್ಬನೇ ಐವತ್ತು ಜನರನ್ನು ಉರುಳಿಸಲಿ, ಯಾರೂ ಎಣಿಸುವುದಿಲ್ಲ. ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ನಲ್ಲಿ (2015) ಓಡುವ ಲಾರಿಯ ಮೇಲೆ ಒಬ್ಬ ಬೆಂಕಿ ಕಾರುವ ಗಿಟಾರ್ ಬಾರಿಸುತ್ತಾನೆ. ಕೇಳಲಿಕ್ಕೇ ನಗು ಬರುವಂಥದ್ದು. ಚಿತ್ರದೊಳಗೆ ಯಾರೂ ಅವನ ಕಡೆ ಅಚ್ಚರಿಯಿಂದ ತಿರುಗಿ ನೋಡುವುದಿಲ್ಲ. ಅವನು ಆ ಸೈನ್ಯದ ರಣವಾದ್ಯದವನು, ಅಷ್ಟೇ. ಗಿಟಾರೂ ನಿಜವಾಗಿ ನುಡಿಯುವಂತೆ, ನಿಜವಾಗಿ ಬೆಂಕಿ ಉಗುಳುವಂತೆ ಮಾಡಿದ್ದರು. ಅಂದಹಾಗೆ, ಬಾಯಿ ಬಿಟ್ಟುಕೊಂಡು ನೋಡುವ ಜನರ ರಿಯಾಕ್ಷನ್ ಶಾಟುಗಳನ್ನು ನಿಮ್ಮ ಸೀನಿನಲ್ಲಿ ಹತ್ತು ಹಾಕಬೇಡಿ. ಒಂದು ಸಾಕು, ಅದೂ ಆ ಲಾರಿ ನಿಲ್ಲದಿದ್ದರೆ ಏನನ್ನಾದರೂ ಕಳೆದುಕೊಳ್ಳುವವರದ್ದು.

ಮುಂದಿನ ಭಾಗ ಮಾಡುವ ಆಸೆ ಇದ್ದರೆ ಅತಿರೇಕದ ಎತ್ತರದ ಬಗ್ಗೆ ಈಗಲೇ ಜಿಪುಣರಾಗಿ. ಬಾಂಡ್ 1979ರಲ್ಲಿ ‘ಮೂನ್‌ರೇಕರ್’ನಲ್ಲಿ ಅಂತರಿಕ್ಷಕ್ಕೆ ಹೋಗಿ, 1981ರ ಚಿತ್ರದಲ್ಲಿ ಮತ್ತೆ ನೆಲಕ್ಕೆ ಇಳಿಯಬೇಕಾಯಿತು. 2002ರಲ್ಲಿ ಕಣ್ಣಿಗೆ ಕಾಣದ ಕಾರು ಓಡಿಸಿ, 2006ರ ‘ಕ್ಯಾಸಿನೋ ರಾಯಲ್’ನಲ್ಲಿ ಹೊಸ ನಟನೊಂದಿಗೆ ಮೊದಲಿನಿಂದ ಶುರು ಮಾಡಿದರು. ಆ ಚಿತ್ರದ ಕಾರು ಏಳು ಸಲ ಉರುಳಿ ದಾಖಲೆಯಾಯಿತು. ಅದೂ ಅತಿರೇಕವೇ, ಆದರೆ ಲೋಹದ ಭಾರ ಇರುವ ಅತಿರೇಕ.

ಬೇಕೆಂದೇ ಕಳಪೆಯಾಗಿ, ‘ನೋಡಿ ನಾವೂ ನಗ್ತಿದ್ದೀವಿ’ ಎಂಬಂತೆ ಮಾಡುವ ಸಿನಿಮಾಗಳ ಬಗ್ಗೆ ನನಗೆ ಹೆಚ್ಚು ಒಲವಿಲ್ಲ. ಅಮೆರಿಕದ ಲೇಖಕಿ ಸೂಸನ್ ಸೊಂಟ್ಯಾಗ್ 1964ರಷ್ಟು ಹಿಂದೆಯೇ ಈ ಬಗೆಯ ರುಚಿಯ ಬಗ್ಗೆ ಬರೆಯುತ್ತ, ಮುಗ್ಧವಾಗಿ ಅತಿಯಾದದ್ದಕ್ಕೆ ಇರುವ ಸೊಗಸು ಲೆಕ್ಕ ಹಾಕಿ ಅತಿ ಮಾಡಿದ್ದಕ್ಕೆ ಇರುವುದಿಲ್ಲ ಎಂದು ಗುರುತಿಸಿದ್ದರು. 1993ರಲ್ಲಿ ಆ್ಯಕ್ಷನ್ ಸಿನಿಮಾಗಳ ಸೂತ್ರವನ್ನೇ ತಮಾಷೆ ಮಾಡಲು ಹೊರಟ ‘ಲಾಸ್ಟ್ ಆ್ಯಕ್ಷನ್ ಹೀರೋ’ ನಿರೀಕ್ಷೆಯಷ್ಟು ಓಡಲಿಲ್ಲ. ‘ಡೈ ಹಾರ್ಡ್’ ಮಾಡಿದ ನಿರ್ದೇಶಕನದೇ ಚಿತ್ರ, ನಾಯಕ ಶ್ವಾರ್ಜ್‌ನೆಗರ್. ‘ಜುರಾಸಿಕ್ ಪಾರ್ಕ್’ ಬಂದ ಮರುವಾರವೇ ಬಿಡುಗಡೆಯಾದದ್ದು ಒಂದು ಕಾರಣ, ನಿಜ. ಆದರೆ ನೋಡುವವನಿಗೂ ಒಂದು ಗೊಂದಲವಿದೆ: ನಾಯಕನೇ ಸಿನಿಮಾದ ಪಾತ್ರ, ಅವನ ಗಾಯ ಗಾಯವಲ್ಲ ಎಂದು ಹೇಳಿಕೊಟ್ಟ ಮೇಲೆ, ಕೊನೆಗೆ ಅವನಿಗೆ ಗುಂಡು ತಗುಲಿದಾಗ ಮರುಗು ಎಂದರೆ ಹೇಗೆ ಮರುಗುವುದು?

ಇನ್ನು ನಿಮ್ಮ ಸೀನುಗಳನ್ನು ಪರೀಕ್ಷಿಸುವ ಬಗೆ. ಒರಟು ಎಡಿಟ್ ಆದಮೇಲೆ ಬಿಜಿಎಂ, ಸ್ಲೋಮೋಷನ್ ಎರಡನ್ನೂ ತೆಗೆದು, ಕಥೆ ಗೊತ್ತಿಲ್ಲದ ಏಳೆಂಟು ಜನರಿಗೆ ತೋರಿಸಿ. ಪರದೆ ನೋಡಬೇಡಿ, ಅವರ ಮುಖ ನೋಡಿ, ಪ್ರತಿ ನಗುವಿನ ಸಮಯ ಬರೆದುಕೊಳ್ಳಿ. ಸಾಹಸ ಮುಗಿದು ಒಂದೆರಡು ಸೆಕೆಂಡಿಗೆ ಬರುವ ನಗು ಸಂತೋಷದ್ದು, ಅದನ್ನು ಮುಟ್ಟಬೇಡಿ, ಆ ಜಾಗದಲ್ಲಿ ಡೈಲಾಗ್ ಇದ್ದರೆ ನಗು ಮುಗಿದ ಮೇಲೆ ಬರುವಂತೆ ಸರಿಸಿ. ಸಾಹಸ ಶುರುವಾಗುವಾಗಲೇ ಬರುವ ನಗು ನಿಯಮ ಕಟ್ಟಿಲ್ಲ ಎಂಬುದರ ಗುರುತು. ತಪ್ಪು ಆ ಸೀನಿನಲ್ಲಿಲ್ಲ, ಮೊದಲ ಹದಿನೈದು ನಿಮಿಷದಲ್ಲಿದೆ. ನಡುವೆ ಬರುವ ನಗು ಹೆಚ್ಚಾಗಿ ಪಾದ, ಚಕ್ರ ಅಥವಾ ರೋಪಿನದ್ದು, ಫ್ರೇಮ್ ಫ್ರೇಮಾಗಿ ಹುಡುಕಿ. ಯಾರೂ ನಗದೆ ಫೋನ್ ತೆಗೆದರೆ ಬೆಲೆ ಸಾಲಲಿಲ್ಲ.

ನಾಯಕನ ಕಾಮಿಡಿ ಡೈಲಾಗ್ ಬಗ್ಗೆ ಜಗಳ ಮುಗಿಯದಿದ್ದರೆ ಅದನ್ನು ಲಾರಿ ಡ್ರೈವರನಿಗೆ ವರ್ಗ ಮಾಡಿ. ಲಾರಿ ನಿಂತಿದೆ, ಎಂಜಿನ್ ಉಸಿರುಗಟ್ಟಿ ಆಫ್ ಆಗಿದೆ, ನಾಯಕನ ಕೈ ಇನ್ನೂ ಬಂಪರಿಗೆ ಅಂಟಿಕೊಂಡಿದೆ. ನಾಲ್ಕು ಸೆಕೆಂಡು ಯಾರೂ ಮಾತಾಡಬಾರದು. ಆಮೇಲೆ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, ನಡುಗುವ ದನಿಯಲ್ಲಿ, ‘ಅಣ್ಣಾ, ಹ್ಯಾಂಡ್‌ಬ್ರೇಕ್ ಹಾಕ್ಲಾ?’ ಅನ್ನಲಿ. ನಾಯಕ ತಲೆ ಮಾತ್ರ ಆಡಿಸಲಿ, ಮಾತಾಡಲು ಅವನಿಗೆ ಉಸಿರಿರಬಾರದು. ಅಲ್ಲಿಗೇ ಕಟ್ ಮಾಡಿ.